ತಮ್ಮನಿಗೆ ಜೇನು ಕಚ್ಚಿದ ಮಧ್ಯಾಹ್ನ

ನಾನಿನ್ನೂ ಲಂಗ ತೊಡುವ ಚಿಕ್ಕವಳಿದ್ದಾಗ, ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಕುಳಿತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದೆ. ಬೆರಳೆಲ್ಲ ಅಂಟು, ಮೂಗಿಗೆ ಹುಳಿ ಗಮಲು. ಆಗ ಅಕ್ಕ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಓಡಿಬಂದಳು. ಬೇಲಿಯಲ್ಲಿದ್ದ ಕೋಲುಜೇನಿನ ಗೂಡಿಗೆ ಅವನು ಕೈ ಹಾಕಿದ್ದನಂತೆ.

ಜೇನು ನಮಗೂ ಕಚ್ಚುತ್ತಿತ್ತು. ಸುಣ್ಣ ಹಚ್ಚಿದರೆ ಮುಗಿಯುತ್ತಿತ್ತು. ತಮ್ಮನಿಗೆ ಹಾಗಾಗಲಿಲ್ಲ. ನೋಡುನೋಡುತ್ತಿದ್ದಂತೆ ಮೈತುಂಬ ಕೆಂಪು ದದ್ದು ಎದ್ದವು, ತುಟಿ ಬದನೆಕಾಯಿಯಂತೆ ಊದಿತು, ಕಣ್ಣು ಮುಚ್ಚಿಹೋದವು.

ಅವನನ್ನು ಒಳಕ್ಕೆ ಎತ್ತಿಕೊಂಡು ಹೋದೆವು. ದದ್ದು ಕಂಡಿದ್ದೇ ಅಜ್ಜಿ ಕೈಮುಗಿದಳು. ಆಗ ನಮ್ಮ ಬೀದಿಯಲ್ಲಿ ಸಿಡುಬು ಇತ್ತು. ಸಿಡುಬನ್ನು ನಾವು ‘ಅಮ್ಮ’ ಎನ್ನುತ್ತಿದ್ದೆವು. ಮಾರಮ್ಮನೇ ಮನೆಗೆ ಬಂದಿದ್ದಾಳೆಂದು ನಂಬಿ, ಅವಳಾಗಿ ಹೋಗುವವರೆಗೂ ಮದ್ದು ಮುಟ್ಟಿಸುತ್ತಿರಲಿಲ್ಲ.

“ಅಮ್ಮ ಅಲ್ಲ ಕಣಜ್ಜಿ, ಜೇನು ಕಡೀತು. ನಾನೇ ನೋಡ್ದೆ” ಎಂದಳು ಅಕ್ಕ.

“ಮಗೀನ ಬುಟ್ಟು ಆಟಕ್ಕೋಗಿದ್ದೋಳು ನೀನು, ಈಗ ಹುಳದ ಮ್ಯಾಲೆ ಹಾಕ್ತೀಯಾ? ಸುಮ್ಕಿರೆ, ತಾಯಿ ಮುನಿಸ್ಕಂತಾಳೆ.”

ಜಗಲಿಯಲ್ಲಿದ್ದ ಅಪ್ಪ ಒಳಗೆ ಬಂದರು. ಅಕ್ಕ ಅದನ್ನೇ ಮತ್ತೆ ಹೇಳಿದಳು. ಅಪ್ಪ ಅವಳ ಕಡೆ ನೋಡದೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ತಮ್ಮನನ್ನು ಬೇವಿನೆಲೆಯ ಮೇಲೆ ಮಲಗಿಸಿದರು. ಅವನ ಉಸಿರು ಒಡಕು ಪೀಪಿಯಂತೆ ಸಿಳ್ಳೆ ಹಾಕತೊಡಗಿತು. ಸಿಡುಬಿನ ಲಸಿಕೆ ಚುಚ್ಚಲು ಮಧುಗಿರಿಯಿಂದ ಬಂದ ಡಾಕ್ಟರು ಅಂದು ಚಾವಡಿಯಲ್ಲೇ ಇದ್ದರು. ಅವರನ್ನು ಕರೆಯೋಣವೆಂದು ಅಕ್ಕ ಬೇಡಿಕೊಂಡಾಗ ಅಪ್ಪ ಹೊಡೆಯಲು ಕೈಯೆತ್ತಿದರು.

ಅಪ್ಪನೆದುರು ಎಂದೂ ತಲೆಯೆತ್ತದ ಅವ್ವ, ಅಡುಗೆಮನೆಯಿಂದ ಬಂದವಳೇ ತಮ್ಮನನ್ನು ಎತ್ತಿಕೊಂಡು ಸುಡುವ ನೆಲದಲ್ಲಿ ಬರಿಗಾಲಲ್ಲಿ ಓಡಿದಳು. ಹಿಂದೆ ನಾವೆಲ್ಲ.

ಡಾಕ್ಟರು ಪೆಟ್ಟಿಗೆಯಿಂದ ಬೇರೊಂದು ಮದ್ದು ತೆಗೆದು ಸೂಜಿ ಚುಚ್ಚಿದರು. ಮುಟ್ಟಿದರೆ ತಣ್ಣಗಿದ್ದ ತಮ್ಮನ ಕೈ ನಿಧಾನಕ್ಕೆ ಬೆಚ್ಚಗಾಯಿತು, ಉಸಿರು ಹಗುರಾಯಿತು. ಅವನ ಕಿವಿಯ ಹಿಂದಿನಿಂದ ಜೇನಿನ ಮುಳ್ಳೊಂದನ್ನು ಕಿತ್ತು ಡಾಕ್ಟರು ಅಪ್ಪನ ಅಂಗೈಯಲ್ಲಿಟ್ಟರು. ಕೆಲವರ ಮೈಗೆ ಇದು ಆಗಿಬರುವುದಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರು. ಕಚ್ಚಿದ್ದನ್ನು ಯಾರೂ ನೋಡಲಿಲ್ಲವೇ ಎಂದು ಕೇಳಿದರು.

ಊರಿನವರೆಲ್ಲ ಸೇರಿದ್ದರು. ಅಕ್ಕ ಕಂಬದ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಅಪ್ಪ ಆ ಮುಳ್ಳನ್ನೇ ನೋಡುತ್ತ ಮೆಲ್ಲಗೆ ಹೇಳಿದರು: “ನನ್ ಮಗ್ಳು ನೋಡಿದ್ಲು ಸ್ವಾಮಿ. ಹೇಳುದ್ಲು. ನಾವ್ ಕೇಳ್ಲಿಲ್ಲ.”

ಅಂದು ಮನೆಗೆ ಹೋಗುವಾಗ ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರಮ್ಮನಿಗೆ ನಾನು ಈಗಲೂ ತಪ್ಪದೆ ಕೈಮುಗಿಯುತ್ತೇನೆ. ಡಾಕ್ಟರು ಊರಲ್ಲೇ ಇದ್ದದ್ದು, ಅವ್ವನಿಗೆ ಧೈರ್ಯ ಬಂದದ್ದು, ಎಲ್ಲ ಅವಳ ದಯೆಯೇ. ಆದರೆ ಅವಳ ಹೆಸರು ಹೇಳಿ ನಮ್ಮ ಮನೆ ಒಂದು ಹುಡುಗಿಯ ಬಾಯಿ ಮುಚ್ಚಿಸಿತಲ್ಲ, ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ತಮ್ಮ ಉಳಿದ. ಅಕ್ಕ ಮಾತ್ರ ಆಮೇಲೆ ಯಾವ ಮಾತನ್ನೂ ಎರಡನೇ ಸಲ ಹೇಳುತ್ತಿರಲಿಲ್ಲ.

ನಿಮ್ಮ ಕಾಲ ಬೇರೆ, ಮಕ್ಕಳೇ. ಸಿಡುಬು ಹೋಗಿಯೇಬಿಟ್ಟಿದೆ. ಮೈಗೆ ಯಾವುದು ಒಗ್ಗುವುದಿಲ್ಲ ಎಂದು ಡಾಕ್ಟರು ನಿಮ್ಮನ್ನೇ ಕೇಳುತ್ತಾರೆ. ನೀವೋ, ಒಂದೇ ಮಾತನ್ನು ಹತ್ತು ಸಲ ಹೇಳುತ್ತ ನನ್ನ ಸೆರಗು ಜಗ್ಗುತ್ತೀರಿ. ಜಗ್ಗಿ. ಎಸರು ಕುದಿಯುತ್ತಿದೆ, ರಾಗಿ ಹಿಟ್ಟು ಹಾಕುತ್ತಲೇ ಕೇಳಿಸಿಕೊಳ್ಳುತ್ತೇನೆ.