ಸಾಕ್ಷಿಯನ್ನು ಹಿಂದಕ್ಕೆ ತಗೊಂಡ ಭಾನುವಾರ

ನಾನು ಚರ್ಚಿನಲ್ಲಿ ಮೈಕು ಹಿಡಿದು ಸುಳ್ಳು ಸಾಕ್ಷಿ ಹೇಳಿದೆ. ಏಳು ವರ್ಷದ ಹಿಂದೆ, ಭದ್ರಾವತಿಯಲ್ಲಿ, ನನ್ನ ಮೊಮ್ಮಗಳು ಪಕ್ಕದಲ್ಲೇ ಕೂತಿರುವಾಗ. ಇದನ್ನು ಬರೆಯುವಾಗ ನನಗೆ ಅಳು ಬರಬೇಕಿತ್ತು — ಆದರೆ ಈಗ ಮನಸ್ಸು ಎಷ್ಟು ತುಂಬಿದೆ ಅಂದರೆ, ತಪ್ಪು ಒಪ್ಪಿಕೊಳ್ಳುವಾಗಲೂ ಮುಖದಲ್ಲಿ ನಗುವೇ ನಿಂತಿದೆ. ದೇವರು ಕ್ಷಮಿಸಲಿ.

ಸಾಕ್ಷಿ ಅಂದರೆ ಕೋರ್ಟಿನದಲ್ಲ. ನಮ್ಮ ಸಭೆಯಲ್ಲಿ ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು, ಕರ್ತನು ನನಗೆ ಇಂಥ ಒಳ್ಳೇದು ಮಾಡಿದ ಅಂತ ಹೇಳುತ್ತೇವೆ. ಮಗನಿಗೆ ಕೆಲಸ ಸಿಕ್ಕಿತು, ಮಂಡಿನೋವು ಹೋಯಿತು — ಹೀಗೆ. ಎಲ್ಲರೂ ಆಮೆನ್ ಅನ್ನುತ್ತಾರೆ. ಮಂಡಿನೋವು ವಾಪಸ್ ಬಂದಾಗ ಮಾತ್ರ ಯಾರೂ ಎದ್ದು ನಿಲ್ಲುವುದಿಲ್ಲ.

ನನ್ನ ಮಗನ ಮನೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಅವನ ಮಗಳು ಪ್ರಿಸಿಲ್ಲಾ, ನಮಗೆಲ್ಲ ಪ್ರಿಸ್ಸಿ, ಚಿಕ್ಕಂದಿನಿಂದ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ನನ್ನ ಚರ್ಚಿಗೇ ಬರುತ್ತಿದ್ದಳು. ಪಿಯುಸಿ ಓದುವಾಗ ಅವಳಿಗೆ ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸಲು ಶುರುವಾಯಿತು. ಊಟ ಬಿಟ್ಟಳು, ಮಾತು ಬಿಟ್ಟಳು. ಆಸ್ಪತ್ರೆಗೆ ಸೇರಿಸಿದೆವು. ಸಭೆಯ ಹೆಂಗಸರು ಅವಳಿಗೋಸ್ಕರ ಪ್ರತಿ ಶುಕ್ರವಾರ ಉಪವಾಸವಿದ್ದು ಪ್ರಾರ್ಥನೆ ಮಾಡಿದರು. ಎರಡು ತಿಂಗಳಾದ ಮೇಲೆ, ಮಾತ್ರೆ ಹಿಡಿದು, ಮಗು ಸ್ವಲ್ಪ ಚೇತರಿಸಿಕೊಂಡಿತು. ಮಾತ್ರೆಯ ದೆಸೆಯಿಂದ ಕೈ ನಡುಗುತ್ತಿತ್ತು, ಅಷ್ಟೇ.

ಆ ಭಾನುವಾರ ನಾನು ಎದ್ದದ್ದು 'ಸ್ವಲ್ಪ ವಾಸಿ, ಇನ್ನೂ ಪ್ರಾರ್ಥನೆ ಮಾಡಿ' ಅನ್ನೋಕೆ. ಅಷ್ಟೇ ಅನ್ನೋಕೆ. ಆದರೆ ಹಸಿದುಕೊಂಡು ಬೇಡಿದ್ದ ಆ ಹೆಂಗಸರ ಮುಖ — ಮುಂದಿನ ಸಾಲಲ್ಲಿ ನನ್ನ ಗೆಳತಿ ಮಾರ್ಥಮ್ಮ ಕೈ ಜೋಡಿಸಿ ಕಾಯುತ್ತಿದ್ದಳು — ಅವರ ಮುಂದೆ 'ಸ್ವಲ್ಪ' ಅನ್ನೋದು ಹೇಗೆ? ಬಾಯಿಗೆ ಬಂದದ್ದೇ ಬೇರೆ.

"ಕರ್ತನು ನನ್ನ ಮೊಮ್ಮಗಳನ್ನ ಪೂರ್ತಿ ಗುಣ ಮಾಡಿದ. ಈಗ ಒಂದು ಮಾತ್ರೆಯೂ ಇಲ್ಲ."

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನಗೆ ಇಷ್ಟವಾಯಿತು. ಅದನ್ನೂ ಮುಚ್ಚಿಡೋದಿಲ್ಲ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಪ್ರಿಸ್ಸಿ ಕೇಳಿದಳು, "ಅಜ್ಜಿ, ಹಾಗಾದ್ರೆ ಇನ್ಮೇಲೆ ಹುಷಾರಾಗಿದ್ದಾಗ ಮಾತ್ರ ಇಲ್ಲಿಗೆ ಬರಬೇಕಾ ನಾನು?"

"ಸುಮ್ನೆ ನಡಿ ಮಾರಾಯ್ತಿ, ಬಸ್ಸು ಹೋಗುತ್ತೆ" ಅಂದೆ.

ಅವಳು ಮತ್ತೆ ಬರಲಿಲ್ಲ. ಕೇಳಿದವರಿಗೆ ಪರೀಕ್ಷೆ ಅಂದೆ, ಆಮೇಲೆ ಕೆಲಸ ಅಂದೆ. ನಡುವೆ ಎರಡು ಸಲ ಅವಳಿಗೆ ಕಾಯಿಲೆ ಜೋರಾಯಿತು. ಆಗಲೂ ನಾನು ಸಭೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಪೂರ್ತಿ ಗುಣವಾದವಳಿಗೆ ಪ್ರಾರ್ಥನೆ ಮಾಡಿ ಅಂತ ಯಾವ ಮುಖದಲ್ಲಿ ಕೇಳಲಿ? ನನ್ನ ಒಂದು ಮಾತು ಆ ಮಗುವಿಗೆ ಬರಬೇಕಾಗಿದ್ದ ಅಷ್ಟೂ ಪ್ರಾರ್ಥನೆಗೆ ಅಡ್ಡ ಕೂತಿತು. ಇದು ನನಗೆ ಗೊತ್ತಿತ್ತು — ಗೊತ್ತಿದ್ದೂ —

ಹೋದ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಅವಳ ಫೋನು ಬಂತು. ಈಗ ಅವಳು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬ್ಲೌಸ್ ಪೀಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎಂಥ ಸೀರೆ ತೋರಿಸಿದರೂ ಅದಕ್ಕೆ ಹೊಂದುವ ಬಣ್ಣ ತೆಗೆದುಕೊಡುತ್ತಾಳೆ. "ಅಜ್ಜಿ, ಈ ಸಲ ನಿಮ್ಮ ಚರ್ಚಿಗೆ ಬರ್ಲಾ? ಕೈ ಇನ್ನೂ ನಡುಗುತ್ತೆ. ನಿನಗೆ ತೊಂದರೆ ಆಗಲ್ಲ ಅಂದ್ರೆ ಮಾತ್ರ."

ದೇವರ ಸನ್ನಿಧಿಗೆ ಬರೋಕೆ ನನ್ನ ಅಪ್ಪಣೆ! ಫೋನು ಇಟ್ಟವಳೇ ಅಯ್ಯನವರ ಮನೆಗೆ ಹೋದೆ. ನಮ್ಮ ಪಾಸ್ಟರನ್ನ ನಾವು ಅಯ್ಯನವರು ಅಂತಲೇ ಕರೆಯೋದು. ಎಲ್ಲ ಹೇಳಿ ಕೇಳಿದೆ, "ಸಾಕ್ಷೀನ ಹಿಂದಕ್ಕೆ ತಗೊಳ್ಳೋದು ಹೇಗೆ ಅಯ್ಯನೋರೆ?"

ಅವರು ತಲೆ ಕೆರೆದುಕೊಂಡರು. "ನಂಗೂ ಗೊತ್ತಿಲ್ಲ ಅಮ್ಮ. ಇದುವರೆಗೂ ಯಾರೂ ಕೇಳಿಲ್ಲ. ಮೊದಲು ಆ ಹುಡುಗೀನ ಕೇಳಿ."

ಕೇಳಿದೆ. ಪ್ರಿಸ್ಸಿ ಅಂದಳು, "ನನ್ನ ಸುದ್ದಿ ಬಿಡು ಅಜ್ಜಿ. ನಿನ್ನ ಸುದ್ದಿ ಹೇಳು."

ಹಾಗೇ ಮಾಡಿದೆ. ಮುಂದಿನ ಭಾನುವಾರ ಮೈಕು ಹಿಡಿದು, ಆವತ್ತು ನಾನು ಹೇಳಿದ್ದು ಸುಳ್ಳು, ನೀವು ಚಪ್ಪಾಳೆ ಹೊಡೀಲಿ ಅಂತ ಹೇಳಿದೆ, ಅಂದೆ. ಮೈಕು ಕೆಳಗಿಟ್ಟೆ. ಆಗ ಮಾರ್ಥಮ್ಮ ಎದ್ದಳು.

"ಅಲ್ಲ ಮಾರಾಯ್ತಿ, ನಾನೂ ಅದೇ ಥರದ ಮಾತ್ರೆ ನುಂಗೋಳು. ನಿನ್ನ ಸಾಕ್ಷಿ ಕೇಳಿದ ಮೇಲೆ, ನನಗೆ ವಿಶ್ವಾಸ ಸಾಲದು, ಅದಕ್ಕೇ ಗುಣ ಆಗ್ತಿಲ್ಲ ಅಂದ್ಕೊಂಡು ಆರು ವರ್ಷ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ನುಂಗಿದೀನಿ. ಮನೆಗೆ ಬಾ, ನಿನಗಿದೆ."

ಬೈಯುತ್ತಾ ಬಂದು ತಬ್ಬಿಕೊಂಡಳು. ಅವಳ ಆರು ವರ್ಷಕ್ಕೂ ನಾನೇ ಹೊಣೆ. ಆ ಕ್ರಿಸ್ಮಸ್ಸಿಗೆ ಪ್ರಿಸ್ಸಿ ಬಂದಳು.

ಆವತ್ತಿನಿಂದ ಅಯ್ಯನವರು ಸಾಕ್ಷಿಯ ಹೊತ್ತಿನಲ್ಲಿ ಒಂದು ಮಾತು ಸೇರಿಸಿದ್ದಾರೆ: "ಇನ್ನೂ ವಾಸಿಯಾಗದವರೂ ಹೇಳಬಹುದು." ನೋಡಿ, ಏನೇನು ಹೊರಗೆ ಬಂತು! ಕಾಲಿಲ್ಲದ ಜಾನಣ್ಣ, ನನ್ನನ್ನ ಮೂಟೆ ಥರ ಎತ್ತಿ ಒಳಗೆ ತರ್ತೀರ, ಅದಕ್ಕೇ ನಾನು ಬರೋದು ಬಿಟ್ಟಿದ್ದು ಅಂದ. ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು ಬಂತು. ಬಹಳ ಹೊತ್ತು ಕೂರಲಾಗದವರಿಗೆ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿದ್ದಾರೆ. ಎದ್ದು ಹೋಗಬಹುದು, ವಾಪಸ್ ಬರಬಹುದು, ಯಾರೂ ತಿರುಗಿ ನೋಡೋದಿಲ್ಲ. ಆ ಕೋಣೆಯ ಉಸ್ತುವಾರಿ ಯಾರದು ಅಂತೀರಿ? ನಮ್ಮ ಪ್ರಿಸ್ಸಿಯದು. ಅಯ್ಯನವರಿಗೇ ದಬಾಯಿಸುತ್ತಾಳೆ: "ಮೈಕ್ ಸೌಂಡ್ ಕಮ್ಮಿ ಮಾಡಿ ಅಯ್ಯನೋರೆ, ದೇವರಿಗೆ ಕಿವಿ ಚೆನ್ನಾಗಿದೆ." ಅವರು ನಗುತ್ತಾ ಕಮ್ಮಿ ಮಾಡುತ್ತಾರೆ. ನನ್ನ ಹೊಟ್ಟೆ ತಣ್ಣಗಾಗುತ್ತೆ.

ಆರು ಕ್ರಿಸ್ಮಸ್ ನಾನು ಅವಳಿಂದ ಕಿತ್ತುಕೊಂಡೆ. ಹದಿನೇಳರಿಂದ ಇಪ್ಪತ್ತಮೂರು — ಜೊತೆಯವರು ಬೇಕಾದ ವಯಸ್ಸು. ಕ್ಷಮಿಸು ಅಂತ ಕೇಳಿದೆ. "ಕ್ಷಮಿಸ್ತಾ ಇದೀನಿ ಅಜ್ಜಿ, ಇನ್ನೂ ಮುಗಿದಿಲ್ಲ" ಅಂದಳು. ನಿಜ ಹೇಳಿದಳು. ನಾನು ಅವಸರ ಮಾಡೋದಿಲ್ಲ. ಇದನ್ನೂ ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೋದ ಭಾನುವಾರ ಅವಳು ತಾನಾಗಿ ಎದ್ದಳು. ಮೈಕು ಅವಳ ಕೈಯಲ್ಲಿ ಕುಣಿಯುತ್ತಿತ್ತು. "ಈ ವಾರ ಚೆನ್ನಾಗಿಲ್ಲ. ದನಿ ಸ್ವಲ್ಪ ಜಾಸ್ತಿ ಇದೆ. ನಾಳೆ ಡಾಕ್ಟರ ಹತ್ರ ಹೋಗ್ತೀನಿ, ಪ್ರಾರ್ಥನೆ ಮಾಡಿ" ಅಂದಳು. ಸಭೆಯೆಲ್ಲ ಆಮೆನ್ ಅಂದಿತು. ಅವತ್ತಿನ ಚಪ್ಪಾಳೆಗಿಂತ ಮೆತ್ತಗೆ.

ಎದ್ದು ಎರಡು ಮಾತು ಸೇರಿಸಬೇಕು ಅಂತ ನನ್ನ ನಾಲಿಗೆ ತುರಿಸಿತು — ಆದರೂ ಮುಂಚಿಗಿಂತ ಎಷ್ಟೋ ವಾಸಿ, ಅಂತ. ಬಾಯಿ ಮುಚ್ಚಿಕೊಂಡು ಕೂತೆ.