ಅಳಿಯಂದಿರು ತಂದ ಬಲೆ

ನನ್ನ ದೊಡ್ಡಮ್ಮ ನೋರೀನ್ ಮತ್ತು ಅವಳ ಮಗಳ ಗಂಡ ಡೆಸ್ಮಂಡ್ ಹದಿನೆಂಟು ವರ್ಷ ಒಂದೇ ಊರಿನಲ್ಲಿ, ಕೂಗಿದರೆ ಕೇಳುವಷ್ಟು ದೂರದ ಎರಡು ಮನೆಗಳಲ್ಲಿ ಬದುಕಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಜಗಳವೇನೂ ಇರಲಿಲ್ಲ. ಅತ್ತೆ ಅಳಿಯ ಹಾಗೆಯೇ ಇರಬೇಕು, ಅದು ಈ ಕಡಲತೀರದ ಆದಿವಾಸಿಗಳಾದ ನಮ್ಮ ಕಟ್ಟಳೆ, ಅದೇ ಮರ್ಯಾದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತೇ ಆಡದಿದ್ದರೆ ಇನ್ನೂ ಒಳ್ಳೆಯದು ಎಂದು ಇವರಿಬ್ಬರನ್ನು ನೋಡಿ ಎಷ್ಟೋ ಸಲ ಅಂದುಕೊಂಡಿದ್ದೇನೆ, ಮುಖ್ಯವಾಗಿ ನನ್ನ ಗಂಡ ಬಾಯಿ ತೆರೆದಾಗ.

ಹೇಳಲೇಬೇಕಾದ ಸಂಗತಿಯಿದ್ದರೆ ನಡುವೆ ನಾನಿದ್ದೆ. ದೊಡ್ಡಮ್ಮನಿಗೆ ನಾನು ತಂಗಿಯ ಮಗಳು, ಡೆಸ್ಮಂಡನಿಗೆ ನಾದಿನಿ. ಭಾವನ ಜೊತೆ ನಾನು ಹರಟಬಹುದು, ಕಿಚಾಯಿಸಬಹುದು, ಬೈಯಲೂಬಹುದು. ಅವನ ಮಾತು ಇವಳಿಗೆ, ಇವಳ ಮಾತು ಅವನಿಗೆ ಮುಟ್ಟಿಸುವುದು ನನ್ನ ಕೆಲಸ. ಅದಕ್ಕೆ ನಾನಾಗಿ ಉಪ್ಪು ಖಾರ ಸೇರಿಸುವಂತಿಲ್ಲ.

ಭಾವ ಕಡಲತೀರ ಕಾಯುವ ರೇಂಜರ್. ಮಳೆಗಾಲದ ವಾಯವ್ಯ ಗಾಳಿ ಬೀಸಿತೆಂದರೆ ನಮ್ಮ ಕೊಲ್ಲಿಯ ದಡಕ್ಕೆ ಯಾರೋ ಬಿಟ್ಟುಹೋದ ಮೀನುಬಲೆಗಳು ಬಂದು ಬೀಳುತ್ತವೆ. ಹಸಿರು, ನೀಲಿ, ಕಿತ್ತಳೆ. ಒಂದೊಂದು ಲಾರಿಯಷ್ಟು ಭಾರ. ಒಳಗೆ ಆಮೆಗಳು ಸಿಕ್ಕಿ ಸತ್ತಿರುತ್ತವೆ. ಅವನ್ನು ಕತ್ತರಿಸಿ ಎಳೆದು, ತೊಳೆದು, ದೊಡ್ಡಮ್ಮನ ಕಾಡುಬಾದಾಮಿ ಮರದ ಕೆಳಗೆ ತಂದು ಹಾಕುವವನು ಡೆಸ್ಮಂಡ್. ತಿರುವಿನಲ್ಲಿ ಒಮ್ಮೆ ಹಾರನ್ ಹೊಡೆಯುತ್ತಾನೆ. ಅವಳು ತಲೆಯ ಮೇಲೆ ಟವೆಲ್ ಎಳೆದುಕೊಂಡು ಬೆನ್ನು ತಿರುಗಿಸಿ ಕೂರುತ್ತಾಳೆ. ಅವನು ಇಳಿಸಿ ಹೋಗುತ್ತಾನೆ.

ಮೊದಲ ಸಲ ಬಲೆ ಬಂದಾಗ ದೊಡ್ಡಮ್ಮನಿಗೆ ಸಿಟ್ಟು ಬಂದಿತ್ತು. ಅವಳು ಮಿಷನ್ನಿನ ಹಾಸ್ಟೆಲಿನಲ್ಲಿ ಅಮ್ಮನಿಂದ ದೂರ ಬೆಳೆದವಳು. ಭಾನುವಾರ ಮಾತ್ರ ಮನೆಗೆ ಬಿಡುತ್ತಿದ್ದರು. ಆ ಒಂದೊಂದು ದಿನದಲ್ಲೇ ಅಮ್ಮನ ಪಕ್ಕ ಕೂತು ಕೇದಿಗೆ ಎಲೆ ಸೀಳುವುದು, ಬೇರು ಕುದಿಸಿ ಬಣ್ಣ ಹಾಕುವುದು, ಬುಟ್ಟಿ ಸುತ್ತುವುದು ಕಲಿತಳು. ಅಂಥವಳ ಮುಂದೆ ಪ್ಲಾಸ್ಟಿಕ್ ತಂದು ಸುರಿದರೆ?

"ಕೇದಿಗೆ ಕೊಯ್ಯೋವಾಗ ಆ ಜಾಗದಲ್ಲಿ ಮಣ್ಣಾದ ಹಿರಿಯರನ್ನ ಕೇಳಿ ಕೊಯ್ತೀವಿ. ಇದಕ್ಕೆ ಊರಿಲ್ಲ, ಕೇರಿಯಿಲ್ಲ. ಯಾರನ್ನ ಕೇಳ್ಲಿ?" ಎಂದು ನನ್ನ ಮೇಲೆ ರೇಗಿದಳು, ನಾನೇ ಸಮುದ್ರಕ್ಕೆ ಎಸೆದವಳ ಹಾಗೆ.

ಎರಡು ದಿನ ಅದರ ಸುತ್ತ ತಿರುಗಿದಳು. ಮೂರನೆಯ ದಿನ, ಹೊಸಬರು ಊರಿಗೆ ಬಂದಾಗ ನಾವು ಮಾಡುವುದನ್ನೇ ಮಾಡಿದಳು. ಕಂಕುಳ ಬೆವರನ್ನು ಅಂಗೈಯಿಂದ ಒರೆಸಿ, ನೆಲಕ್ಕೆ ಇದರ ವಾಸನೆ ಪರಿಚಯವಾಗಲಿ ಎಂದು ಬಲೆಯ ಉದ್ದಕ್ಕೂ ಸವರಿದಳು. "ಇದು ದಿಕ್ಕಿಲ್ಲದೆ ಬಂದಿದೆ. ಇನ್ನು ನಮ್ಮದು, ನೋಡ್ಕೊಳ್ಳಿ" ಎಂದು ಹಿರಿಯರಿಗೆ ಕೂಗಿ ಹೇಳಿದಳು. ಆಮೇಲೆ ಕತ್ತರಿ ಹಾಕಿದಳು. ನಾನು ಆವತ್ತು ನಕ್ಕಿದ್ದೆ. ಈಗ ನಾನೂ ಹಾಗೇ ಮಾಡುತ್ತೇನೆ.

ಅಲ್ಲಿಂದ ಶುರುವಾದದ್ದು. ತಂತಿಯ ಚೌಕಟ್ಟಿಗೆ ಹಗ್ಗ ಸುತ್ತಿ, ಕೇದಿಗೆ ಬುಟ್ಟಿಗೆ ಹಾಕುವ ಅದೇ ಹೊಲಿಗೆ ಹಾಕಿ ಮೀನು, ಏಡಿ, ಮೊಸಳೆ ಮಾಡಿದಳು. ನಮ್ಮ ಕುಲದ ಗುರುತು ಚಪ್ಪಟೆ ಮೈ, ಚಾಟಿ ಬಾಲದ ತೊರಕೆ ಮೀನು, ಅದಕ್ಕೇ ತೊರಕೆಯನ್ನು ಹೆಚ್ಚು ಮಾಡಿದಳು. ದೂರದ ನಗರಗಳವರು ಕೊಂಡುಹೋದರು. ಅವಳಿಗೆ ಯಾವ ಬಣ್ಣ ಬೇಕು ಎಂದು ಡೆಸ್ಮಂಡ್ ಕೇಳಿದ್ದಿಲ್ಲ. ಹಿಂದಿನ ರಾಶಿಯಲ್ಲಿ ಯಾವುದು ಖರ್ಚಾಗಿದೆ ಎಂದು ನೋಡಿ ಅದನ್ನೇ ತರುತ್ತಿದ್ದ.

ಹೋದ ವರ್ಷ ಡೆಸ್ಮಂಡನ ಹೆಂಡತಿ, ದೊಡ್ಡಮ್ಮನ ಒಬ್ಬಳೇ ಮಗಳು, ನನ್ನ ಅಕ್ಕ, ತೀರಿಕೊಂಡಳು. ಸತ್ತವರ ಹೆಸರು ಹೇಳಬಾರದೆಂಬುದೂ ನಮ್ಮ ಕಟ್ಟಳೆ, ಅವಳ ಹೆಸರನ್ನು ಈಗ ಬಾಯಿಗೆ ತರುವಂತಿಲ್ಲ. ಎಲೆಯ ಹೊಗೆ ಹಾಕಿ ಮನೆ ಶುದ್ಧ ಮಾಡಿದೆವು, ಅತ್ತೆವು, ಮಣ್ಣು ಮಾಡಿದೆವು. ಆಮೇಲೆ ಡೆಸ್ಮಂಡನ ಊರಿನಿಂದ ಕರೆ ಬರತೊಡಗಿತು. ಅವನು ದಕ್ಷಿಣದ ನದಿಬಾಯಿಯ ಕಡೆಯವನು. ಹೆಂಡತಿ ಹೋದಮೇಲೆ ಇಲ್ಲೇನು ಕೆಲಸ, ಮಗಳನ್ನು ಕರೆದುಕೊಂಡು ನಿನ್ನ ನೆಲಕ್ಕೆ ಬಾ ಎಂದು ಅವನ ಅಣ್ಣ ಹಟ ಹಿಡಿದ. ತಪ್ಪೇನೂ ಅಲ್ಲ. ಆದರೆ ಹತ್ತು ವರ್ಷದ ಶನೇಲ್ ದೊಡ್ಡಮ್ಮನ ಮಡಿಲಲ್ಲೇ ಬೆಳೆದವಳು. ಅವಳೂ ಹೋದರೆ ದೊಡ್ಡಮ್ಮನಿಗೆ ಈ ಲೋಕದಲ್ಲಿ ಏನು ಉಳಿಯಿತು? ಬೇಡ ಅನ್ನಲು ಅವಳಿಗೆ ಹಕ್ಕಿಲ್ಲ. ಇರು ಅನ್ನಲು ಬಾಯಿಯಿಲ್ಲ.

ಆ ಮಳೆಗಾಲದಲ್ಲಿ ಡೆಸ್ಮಂಡ್ ಎಂದೂ ಇಲ್ಲದಷ್ಟು ಬಲೆ ತಂದ. ವಾರಕ್ಕೆ ಒಂದು ಸಲ ಬರುತ್ತಿದ್ದವನು ದಿನ ಬಿಟ್ಟು ದಿನ ಬಂದ. ಬಣ್ಣ ಬಣ್ಣವಾಗಿ ವಿಂಗಡಿಸಿ, ಗಂಟು ಬಿಡಿಸಿ, ಸುರುಳಿ ಸುತ್ತಿ ಜೋಡಿಸಿದ. ನನಗೆ ಖುಷಿಯಾಯಿತು.

"ನೋಡು ದೊಡ್ಡಮ್ಮ, ಭಾವಂಗೆ ನಿನ್ ಮೇಲೆ ಎಷ್ಟು ಅಕ್ಕರೆ! ಐದು ವರ್ಷಕ್ಕಾಗೋ ಅಷ್ಟು ತಂದವ್ನೆ."

"ನಿನ್ ತಲೇಲಿ ಏನಿದೆ, ಮರಳಾ?" ಎಂದಳು ದೊಡ್ಡಮ್ಮ. ಸೂಜಿಯಿಂದ ಕಣ್ಣೆತ್ತಲಿಲ್ಲ. "ಇಲ್ಲೇ ಇರೋರು ಐದು ವರ್ಷದ್ದನ್ನ ಒಂದೇ ಸಲ ಯಾಕೆ ತರ್ತಾರೆ?"

ರಾಶಿಯ ಕಡೆ ನೋಡಲು ನನಗೆ ಸಂಕಟವಾಯಿತು.

ಒಂದು ಸಾಲು ಹೊಲಿದು ಮುಗಿಸಿ ಅವಳೇ ಅಂದಳು: "ಅಳಿಯಂದಿರಿಗೆ ಹೇಳು. ಸಾಲದಂತೆ ಅಂತ ಹೇಳು."

ಹೋಗಿ ಹೇಳಿದೆ. ಡೆಸ್ಮಂಡ್ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು, "ಸಾಲದಂತಾ? ಅವರೇ ಅಂದ್ರಾ?" ಎಂದು ಎರಡು ಸಲ ಕೇಳಿದ. ಮರುದಿನ ಇನ್ನೊಂದು ಗಾಡಿ ತಂದ. ದೊಡ್ಡಮ್ಮ ಮತ್ತೆ ಸಾಲದು ಅಂದಳು. ಅವನು ಮತ್ತೆ ತಂದ, ದಡದಲ್ಲಿ ಮುಗಿದಾಗ ದೋಣಿ ಇಳಿಸಿ ಕಡಲಿನಿಂದಲೇ ಎಳೆದು ತಂದ. ಹೀಗೆ ಆರು ವಾರ. ರಾಶಿ ಮರದ ಕೊಂಬೆ ಮುಟ್ಟಿತು. ನಾಯಿ ಅದರೊಳಗೆ ಮರಿ ಹಾಕಿತು. ದಾರಿಯಲ್ಲಿ ಹೋಗುವ ಹೆಂಗಸರೆಲ್ಲ, "ಏನು ನೋರೀನಕ್ಕ, ತಿಮಿಂಗಿಲ ಮಾಡ್ತೀಯಾ?" ಎಂದು ಹಾಸ್ಯ ಮಾಡಿದರು. "ನಿನ್ ಗಂಡನ ಹೊಟ್ಟೆ ಮಾಡ್ತೀನಿ, ಅದಕ್ಕಾದ್ರೆ ಇದೂ ಸಾಲದು" ಎಂದು ಅವಳು ತಿರುಗಿಸಿ ಕೊಟ್ಟಳು. ನಡುವೆ ಅವನ ಅಣ್ಣ ಬಂದು ಎರಡು ದಿನ ಕೂತು, ಗೊಣಗುತ್ತಾ ವಾಪಸು ಹೋದ.

ಒಂದು ಗುರುವಾರ ಬೆಳಿಗ್ಗೆ ಹೊಸ ಬಲೆ ಬಿಡಿಸುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. ಹಸಿರು ಹಗ್ಗದ ಮೇಲೆ ಗೇಣುದ್ದ ರಕ್ತ ಒಣಗಿ ಅಂಟಿಕೊಂಡಿತ್ತು. ಮೀನಿನದಲ್ಲ, ಆಮೆಯದೂ ಅಲ್ಲ. ಹಿಂದಿನ ದಿನ ಸಮುದ್ರ ಕೆಟ್ಟಿತ್ತು, ಬೇರೆ ಯಾರೂ ದೋಣಿ ಇಳಿಸಿರಲಿಲ್ಲ. ಅವಳು ಆ ಹಗ್ಗವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಒಬ್ಬಳನ್ನ ಕಳ್ಕೊಂಡಿದ್ದು ಸಾಲ್ದು ಅಂತ ಇವರನ್ನೂ ಸಮುದ್ರಕ್ಕೆ ಕೊಡ್ತಿದ್ನಲ್ಲೇ ನಾನು," ಎಂದಳು. "ಹೋಗು. ಸಾಕಂತೆ ಅಂತ ಹೇಳು. ಬೇಕಾದಷ್ಟಾಯ್ತು, ಅತ್ತೆಗೆ ಇನ್ನೇನೂ ಬೇಡ್ವಂತೆ ಅಂತ ಹೇಳು."

"ದೊಡ್ಡಮ್ಮ, ಹಾಗಂದ್ರೆ ಶನೇಲ್..."

"ಹೇಳು ಅಂದೆ."

ದೋಣಿ ಕಟ್ಟುವ ಕಡೆ ನಡೆದೆ. ಡೆಸ್ಮಂಡ್ ಎಡಗೈಗೆ ಬಟ್ಟೆ ಸುತ್ತಿಕೊಂಡು ಮರದ ದಿಮ್ಮಿಯ ಮೇಲೆ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತ.

"ಸಾಲದಂತಾ?"

ಆ ಮುಖ ನೋಡಿದೆ. ದುಡಿದು ಬೇಸತ್ತವನ ಮುಖವಲ್ಲ ಅದು. ಅವನೇ ಮಾತು ಮುಂದುವರಿಸಿದ.

"ಹದಿನೆಂಟು ವರ್ಷದಲ್ಲಿ ಅವರು ನನ್ನ ಏನೂ ಕೇಳಿರ್ಲಿಲ್ಲ. ಹೋಗೋಣ ಅಂತಾನೇ ಅಷ್ಟು ತಂದು ಹಾಕ್ದೆ. ಸಾಲದು ಅಂದ್ರು ನೋಡು, ಅಣ್ಣಂಗೆ ಹೇಳೋಕೆ ನಂಗೊಂದು ಮಾತು ಸಿಕ್ತು. ಅತ್ತೆ ಕೇಳಿದ್ದನ್ನ ಅರ್ಧಕ್ಕೆ ಬಿಟ್ಟು ಬಾ ಅಂತ ಯಾರೂ ಹೇಳೋ ಹಾಗಿಲ್ಲ. ಅವಳು ಮಲಗಿರೋ ನೆಲ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಆ ಮಗು ತಾನೇ ಎಲ್ಲಿಗೆ ಹೋಗುತ್ತೆ? ನಾಳೆ ಅಣ್ಣ ಮತ್ತೆ ಬರ್ತಾನೆ. ಹೇಳು, ಸಾಲದಂತಾ?"

ನಾನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸುವವಳು. ಅದನ್ನು ತಿರುಚಿದರೆ ಕಟ್ಟಳೆಗೇ ಅವಮಾನ. ಹದಿನೆಂಟು ವರ್ಷ ಒಂದಕ್ಷರ ತಪ್ಪಿರಲಿಲ್ಲ.

"ಸಾಲದಂತೆ," ಎಂದೆ. "ಆದ್ರೆ ಕೈ ವಾಸಿಯಾಗೋವರೆಗೂ ದೋಣಿ ಹತ್ತಬಾರದಂತೆ. ಹತ್ತಿದ್ರೆ ನೀನು ತಂದಿದ್ದನ್ನ ಮುಟ್ಟಲ್ವಂತೆ."

ಅವನು ಮತ್ತೆ ದಿಮ್ಮಿಯ ಮೇಲೆ ಕೂತು, ಗಾಯದ ಕೈಯಿಂದಲೇ ಮುಖ ಮುಚ್ಚಿಕೊಂಡ. ನಾನು ಅಲ್ಲಿ ನಿಲ್ಲಲಿಲ್ಲ.

ಮರದ ಕೆಳಗೆ ದೊಡ್ಡಮ್ಮ ಕಾಯುತ್ತಿದ್ದಳು. "ಹೇಳ್ದೆಯಾ?"

"ಹೇಳ್ದೆ."

"ಏನಂದ್ರು?"

ಇಷ್ಟು ದೂರ ಬಂದಮೇಲೆ ಇನ್ನು ಹಿಂದೆ ಹೋಗುವುದೆಲ್ಲಿಂದ ಬಂತು! "ಕೈ ವಾಸಿಯಾದ ಮೇಲೆ ತರ್ತಾರಂತೆ," ಎಂದೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದಳು. ಸಾಕು ಎಂದು ಕಳಿಸಿದ ಮಾತಿಗೆ ತರುತ್ತೇನೆ ಎಂಬ ಉತ್ತರ ಹೇಗೆ ಬಂತು ಎಂದು ಅವಳು ಕೇಳಲಿಲ್ಲ. ಕಣ್ಣು ತುಂಬಿಕೊಂಡಿತು. ಒರೆಸಿಕೊಳ್ಳಲಿಲ್ಲ. ಮಡಿಲಲ್ಲಿದ್ದ ಹಗ್ಗದ ಎಳೆಯನ್ನು ಸೂಜಿಗೆ ಪೋಣಿಸಿದಳು.

"ನಿಧಾನಕ್ಕೆ ತರ್ಲಿ," ಎಂದಳು. "ಒಂದೊಂದೇ ತರ್ಲಿ."