ಗಿರಣಿಯವರ ಕಾರಿಗೆ ತಣ್ಣನೆ ಗಾಳಿ

ಮೈಸೂರಿನ ಬೋಗಾದಿಯಲ್ಲಿ ನಮ್ಮ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯಿಂದ ಇಳಿಯುವ ರಾಗಿಹಿಟ್ಟಿಗೆ ಅಂಗೈ ಒಡ್ಡಿ, ಬಿಸಿ ಹೆಚ್ಚಾಗಿದ್ದರೆ ಕಲ್ಲು ಸಡಿಲಿಸುತ್ತಿದ್ದರು. ಅದೇ ಕೈಯನ್ನು ತಮ್ಮ ಹಳೇ ಕಾರಿನ ಬಾನೆಟ್ ಮೇಲೂ ಇಟ್ಟು ನೋಡುತ್ತಿದ್ದರಿಂದ ಅಲ್ಲಿ ಯಾವಾಗಲೂ ಒಂದು ಹಿಟ್ಟಿನ ಅಂಗೈ ಗುರುತು. ಸುಸ್ತಾಗಿ ಯಾರೇ ಬಂದರೂ ಕೂರಿಸಿ, "ಮೊದ್ಲು ಉಸ್ರಾಡಿ ಕಣ್ರೀ" ಅನ್ನುತ್ತಿದ್ದರು.

ಆ ಕಾರು ಚಾಮುಂಡಿ ಬೆಟ್ಟದ ಅರ್ಧಕ್ಕೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು. "ಇನ್ನೊಂದ್ಸಲ ನಿಂತ್ರೆ ಗುಜರಿಗೆ ಹಾಕ್ಬುಡಿ" ಎಂದು ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದವರು, ಖಡಾಖಂಡಿತವಾಗಿ ಹೇಳಿಬಿಟ್ಟರು. ಅವತ್ತೇ ಗಿರಣಿಯವರು ನನ್ನನ್ನು ಕರೆದರು.

"ಎಂಜಿನ್ನು ಬಿಸಿ ಗಾಳೀನೇ ಎಳ್ಕೊತಾ ಅದೆ. ಮುಂದ್ಗಡೆಯಿಂದ ತಣ್ಣನೆ ಗಾಳಿ ಕೊಡಣ. ಮೊದ್ಲು ಅದು ಉಸ್ರಾಡ್ಲಿ ಕಣೋ."

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಪ್ಲಂಬರ್. ಪೈಪಿನ ವಿಷಯದಲ್ಲಿ ಮಾತ್ರ ಯಾರಿಗೂ ತಲೆ ಬಗ್ಗಿಸಿದವನಲ್ಲ. ಹೆಡ್‌ಲೈಟ್ ಪಕ್ಕದಿಂದ ಏರ್ ಫಿಲ್ಟರ್‌ವರೆಗೆ ಪೈಪ್ ಎಳೆದೆ. ಕಸ ಒಳಗೆ ಹೋಗದಿರಲೆಂದು ಅವರು ಅಡುಗೆಮನೆಯಿಂದ ಟೀ ಸೋಸುವ ಜರಡಿ ತಂದು ಪೈಪಿನ ಬಾಯಿಗೆ ಕಟ್ಟಿದರು.

ಮಾರನೇ ದಿನ ಮೂವರೂ ಬೆಟ್ಟಕ್ಕೆ ಹೊರಟೆವು. ಯಾವಾಗಲೂ ನಿಲ್ಲುವ ತಿರುವು ಬಂತು. ಕಾರು ಒಮ್ಮೆ ಗೊಣಗಿತು, ಆಮೇಲೆ ಹತ್ತುತ್ತಲೇ ಹೋಯಿತು. ಬೆಟ್ಟದ ಮೇಲೆ ಕಾರಿನಿಂದ ಇಳಿದ ಅಕ್ಕ ಅದರ ಮುಂದೆ ಬಗ್ಗಿ ನೋಡಿದರು.

"ಅಯ್ಯೋ, ನನ್ ಜರಡಿ! ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ."

"ಬಿಚ್ಕೊಡ್ಲಾ?" ಎಂದರು ಗಿರಣಿಯವರು.

"ಇರ್ಲಿ ಬುಡಿ. ಪಾಪ, ಉಸ್ರಾಡ್ಲಿ."

ಬೆಟ್ಟ ಇಳಿದ ಮೇಲೆ ಅಕ್ಕನೇ ಒಂದು ಪಾತ್ರೆ ಅಂಗಡಿ ಮುಂದೆ ಕಾರು ನಿಲ್ಲಿಸಲು ಹೇಳಿ ಎರಡು ಜರಡಿ ಕೊಂಡರು. ಒಂದು ಟೀಗಂತೆ, ಇನ್ನೊಂದು ಕಾರಿಗೆ ಸ್ಪೇರ್.